ಅಂಬಿಗರ ಮಸೂದೆ

ಗೆಸಿನಾ ಹಾರ್ಬರ್ಸ್ ಎರಡು ವರ್ಷ ಕೂತು ಬರೆಸಿದ ಮಸೂದೆಯ ವಿರುದ್ಧ ಮೊದಲು ಮೇಲೆದ್ದ ಕೈ ಅವಳ ಸ್ವಂತ ಅಣ್ಣನದು.

ಅದು ಶುಕ್ರವಾರದ ಬೆಳಗು. ದೇಶದ ರಾಜಧಾನಿ ಬಾನ್ ಪಟ್ಟಣದಲ್ಲಿ ರಾಜ್ಯಗಳ ಸಭೆ ಕೂಡಿತ್ತು. ಗೆಸಿನಾ ಸಂಸತ್ತಿನ ಸದಸ್ಯೆಯಾದರೂ ಈ ಸಭೆಯಲ್ಲಿ ಅವಳಿಗೆ ಮಾತಿಲ್ಲ, ನೋಟ ಮಾತ್ರ. ಒಂಬತ್ತಕ್ಕೇ ಬಂದು ಪ್ರೇಕ್ಷಕರ ಸಾಲಿನಲ್ಲಿ ಕುರ್ಚಿ ಹಿಡಿದಿದ್ದಳು. ಈ ಮಸೂದೆಗೆ ಈಗಲೇ ಒಪ್ಪಿಗೆ ಕೊಡದೆ ಸಂಧಾನ ಸಮಿತಿಗೆ ಕಳಿಸಬೇಕು ಎನ್ನುವವರು ಕೈ ಎತ್ತಿ ಎಂದು ಅಧ್ಯಕ್ಷರು ಕೇಳಿದ್ದೇ ತಡ, ಹಿನ್ರಿಕ್ ಹಾರ್ಬರ್ಸನ ಕೈ ಮೇಲಕ್ಕೆ ಹೋಯಿತು. ಅವನು ತಮ್ಮ ರಾಜ್ಯದ ಸಾರಿಗೆ ಸಚಿವ. ರಾಜ್ಯದ ಐದು ಮತಗಳನ್ನೂ ಒಬ್ಬರೇ ಒಟ್ಟಿಗೆ ಹಾಕುವುದು ಅಲ್ಲಿನ ರೂಢಿ. ಆದ್ದರಿಂದ ಒಂದು ಕೈ ಎದ್ದರೂ ಐದು ಕೈ ಎದ್ದ ಹಾಗೆ. ಅವನ ಹಿಂದೆ ಬೇರೆ ರಾಜ್ಯಗಳ ಕೈಗಳೂ ಒಂದೊಂದಾಗಿ ಎದ್ದವು. ಹಿನ್ರಿಕ್ ತಲೆಯೆತ್ತಿ ತಂಗಿಯ ಕಡೆ ನೋಡಲಿಲ್ಲ. ನೋಡಿದ್ದರೆ ಕೈ ಅಲ್ಲಿ ನಿಲ್ಲುತ್ತಿರಲಿಲ್ಲ ಎಂದು ಅವನೇ ಆಮೇಲೆ ಹೇಳಿದ.

ಆ ಮಸೂದೆ ಹುಟ್ಟಿದ್ದು ಒಂದು ಸಾವಿನ ಮನೆಯಲ್ಲಿ. ಎರಡು ವರ್ಷದ ಹಿಂದೆ ಮಂಜು ಮುಸುಕಿದ ನವೆಂಬರ್ ಬೆಳಿಗ್ಗೆ ವೇಸರ್ ನದಿಯಲ್ಲಿ, ಗೆಸಿನಾಳ ಕ್ಷೇತ್ರದಲ್ಲಿ ಜನ ದೋಣಿಯಲ್ಲಿ ನದಿ ದಾಟುವ ಒಂದು ಕಡವಿನಲ್ಲಿ, ದೋಣಿಯೊಂದು ಸರಕು ಹಡಗಿಗೆ ಬಡಿದು ಮಗುಚಿತ್ತು. ಕಾರ್ಖಾನೆಯ ಪಾಳಿಗೆ ಹೊರಟಿದ್ದ ಮೂವರೂ, ಅಂಬಿಗ ಯೋಸ್ಟ್ ಡೀರ್ಕ್ಸನೂ ಹೋಗಿಬಿಟ್ಟರು. ಮಣ್ಣಿನ ದಿನ ಗೆಸಿನಾ ನದಿಯ ದಡದಲ್ಲಿ ನಿಂತು ಇನ್ನೊಬ್ಬರಿಗೆ ಹೀಗಾಗಲು ಬಿಡುವುದಿಲ್ಲ ಎಂದು ಮಾತು ಕೊಟ್ಟಿದ್ದಳು. ಕೊಟ್ಟ ಮಾತಿಗೆ ಅವಳು ತಪ್ಪಿದವಳಲ್ಲ. ದೇಶದ ಪ್ರತಿಯೊಬ್ಬ ಅಂಬಿಗನೂ ಲಿಖಿತ ಪರೀಕ್ಷೆ ಬರೆದು ಪಾಸಾಗಬೇಕು, ಪ್ರತಿ ದೋಣಿಗೂ ಎಂಜಿನ್ ಮತ್ತು ರೇಡಿಯೊ ಇರಬೇಕು, ವರ್ಷಕ್ಕೊಮ್ಮೆ ತಪಾಸಣೆಯಾಗಬೇಕು ಎಂದು ಬರೆಸಿದಳು. ಸಂಸತ್ತಿನಲ್ಲಿ ಎರಡೂ ಕಡೆಯವರು ಮೇಜು ತಟ್ಟಿದರು, ಮಸೂದೆ ಸಲೀಸಾಗಿ ಪಾಸಾಯಿತು.

ಸಿಕ್ಕಿಕೊಂಡಿದ್ದು ಆಮೇಲೆ. ನದಿಯ ನೀರು ಒಕ್ಕೂಟದ್ದು, ಅದರ ಮೇಲಿನ ದೋಣಿ ರಾಜ್ಯದ್ದು. ಪರೀಕ್ಷೆ ನಡೆಸಬೇಕಾದವರೂ ತಪಾಸಣೆ ಮಾಡಬೇಕಾದವರೂ ರಾಜ್ಯಗಳ ನೌಕರರು. ಹೀಗೆ ರಾಜ್ಯದ ಕೈಯಲ್ಲಿ ಕೆಲಸ ಮಾಡಿಸುವ ಕಾಯ್ದೆಗೆ ರಾಜ್ಯಗಳ ಸಭೆ ಒಪ್ಪಲೇಬೇಕು. ಹಿನ್ರಿಕ್‌ನ ರಾಜ್ಯದಲ್ಲಿ ಹುಟ್ಟು ಹಾಕಿ ನಡೆಸುವ ಪುಟ್ಟ ದೋಣಿಗಳೇ ಮೂವತ್ತೊಂದಿದ್ದವು. ಮಸೂದೆ ಹೀಗೇ ಬಂದರೆ ಆ ಮೂವತ್ತೊಂದು ಕಡವುಗಳೂ ಮುಚ್ಚಿದಂತೆಯೇ. ಅದರಲ್ಲೊಂದು ಅವರಿಬ್ಬರೂ ಹುಟ್ಟಿ ಬೆಳೆದ ಹಳ್ಳಿಯದು. ಅಲ್ಲಿ ಅಪ್ಪನ ನಂತರ ಹುಟ್ಟು ಹಿಡಿದವಳು ಅಪ್ಪನ ತಂಗಿ ಮೇಟಾ ಅತ್ತೆ. ಎಪ್ಪತ್ತು ದಾಟಿದ್ದರೂ ಅವಳು ಬಿಟ್ಟಿರಲಿಲ್ಲ.

ಅಣ್ಣ ತಂಗಿಯ ಪಕ್ಷಗಳೂ ಬೇರೆ ಬೇರೆ. ಹಾಗಿದ್ದರೂ ರಾಜ್ಯಗಳ ಸಭೆಯಿದ್ದ ಶುಕ್ರವಾರಗಳಲ್ಲಿ ಇಬ್ಬರೂ ರೈನ್ ದಂಡೆಯ ಒಂದು ಊಟದ ಮನೆಯಲ್ಲಿ ಸೇರಿ ಮಧ್ಯಾಹ್ನದ ಊಟ ಮಾಡುವುದನ್ನು ಹನ್ನೊಂದು ವರ್ಷದಿಂದ ತಪ್ಪಿಸಿರಲಿಲ್ಲ. ಅಂದು ಗೆಸಿನಾ ಹೋಗುವುದೇ ಬೇಡವೆಂದುಕೊಂಡಳು. ಆದರೆ ಬೈಯುವುದಕ್ಕಾದರೂ ಹೋಗಬೇಕಲ್ಲ ಎಂದು ಹೋದಳು. ಹಿನ್ರಿಕ್ ಆಗಲೇ ಇಬ್ಬರಿಗೂ ಸೇಬು ಬೆರೆಸಿದ ಆಲೂಗಡ್ಡೆ ಮುದ್ದೆ, ಹುರಿದ ಸಾಸೇಜು ಹೇಳಿಬಿಟ್ಟಿದ್ದ.

"ಅದು ನನ್ನ ಕೈ ಅಲ್ಲ ಗೆಸಿನಾ," ಎಂದ ಅವನು, ಅವಳು ಕೋಟು ಬಿಚ್ಚುವ ಮೊದಲೇ. "ಮಂತ್ರಿಮಂಡಲದ ಕೈ. ಮಂಗಳವಾರ ಅವರು ತೀರ್ಮಾನ ಮಾಡ್ತಾರೆ, ಶುಕ್ರವಾರ ನಾನು ಎತ್ತುತೀನಿ. ಅಷ್ಟೇ ನನ್ನ ಕೆಲಸ."

"ಹಾಗಾದ್ರೆ ಈ ಫೋರ್ಕು ಹಿಡಿದಿರೋದು ಯಾರ ಕೈ? ಅದಕ್ಕೂ ಮಂಗಳವಾರ ಕೇಳ್ಕೊಂಡು ಬಂದ್ಯಾ?"

ಹಿನ್ರಿಕ್ ನಗಲಿಲ್ಲ. ನಿನ್ನ ಮಸೂದೆ ಬರೆದವರು ಒಮ್ಮೆಯಾದರೂ ದೋಣಿ ಹತ್ತಿದ್ದಾರೆಯೇ ಎಂದು ಕೇಳಿದ. ನಾನೇ ಹತ್ತಿದ್ದೇನಲ್ಲ, ಅಂಬಿಗನ ಮಗಳು ಎಂದಳು ಅವಳು. ಹತ್ತಿದ್ದೆ ಅಷ್ಟೇ, ಹುಟ್ಟು ಹಾಕುತ್ತಿದ್ದವನು ನಾನು, ನೀನು ಹಿಂದೆ ಕೂತು ಪುಸ್ತಕ ಓದುತ್ತಿದ್ದೆ ಎಂದ ಅವನು. ಮಾತು ಅಲ್ಲಿಂದ ಬೆಳೆದು, ನಾಲ್ಕು ಹೆಣಗಳ ಮುಂದೆ ನಿಂತಿದ್ದು ನೀನಲ್ಲ ನಾನು ಎಂದು ಗೆಸಿನಾ ಹೇಳುವಲ್ಲಿಗೆ ಹೋಯಿತು. ಗೆಸಿನಾ ಅರ್ಧ ತಟ್ಟೆ ಬಿಟ್ಟು ಎದ್ದಳು. ಅವಳ ಪಾಲಿನ ಸಾಸೇಜನ್ನು ಅವನೂ ಮುಟ್ಟಲಿಲ್ಲ.

ಸಂಧಾನ ಸಮಿತಿ ಸೇರುವುದಕ್ಕೆ ಎರಡು ವಾರ ಬಾಕಿಯಿತ್ತು. ಸಂಸತ್ತಿನಿಂದ ಹನ್ನೊಂದು ಜನ, ರಾಜ್ಯಗಳಿಂದ ಹನ್ನೊಂದು ಜನ, ಮುಚ್ಚಿದ ಬಾಗಿಲ ಹಿಂದೆ ಕೂತು ಎರಡೂ ಸಭೆಗಳಿಗೆ ಒಪ್ಪುವ ದಾರಿ ಹುಡುಕಬೇಕು. ಆ ಇಪ್ಪತ್ತೆರಡು ಜನರಲ್ಲಿ ಗೆಸಿನಾಳೂ ಇದ್ದಳು, ಹಿನ್ರಿಕ್‌ನೂ ಇದ್ದ. ಗೆಸಿನಾ ತನ್ನ ಮಸೂದೆಯನ್ನು ಅಕ್ಷರ ಅಕ್ಷರವಾಗಿ ಕಾಯಲು ಗಟ್ಟಿ ಮನಸ್ಸು ಮಾಡಿದಳು. ಆದರೆ ಹಿಂದೆ ಕೂತು ಪುಸ್ತಕ ಓದುತ್ತಿದ್ದೆ ಎಂಬ ಮಾತು ಕಾಲಿಗೆ ಚುಚ್ಚಿದ ಮುಳ್ಳಿನಂತೆ ಒಳಗೇ ಉಳಿಯಿತು. ಒಂದು ವಾರ ತಡೆದು, ಎರಡನೇ ಭಾನುವಾರ ರೈಲು ಹತ್ತಿ ಹಳ್ಳಿಗೆ ಹೋದಳು.

ಮೇಟಾ ಅತ್ತೆ ಕಡವಿನ ಗುಡಿಸಲ ಮುಂದೆ ಬುಟ್ಟಿಯಲ್ಲಿ ಬಟಾಣಿ ಸುಲಿಯುತ್ತಿದ್ದಳು. ಕುಳ್ಳು ದೇಹ, ಗಂಡಸರ ಟೋಪಿ, ಹಗ್ಗದಂಥ ಕೈಗಳು. ಗೆಸಿನಾಳನ್ನು ಕಂಡು ಎದ್ದು ಬರಲಿಲ್ಲ, ಬುಟ್ಟಿಯನ್ನು ಅವಳ ಕಡೆ ಸರಿಸಿದಳು ಅಷ್ಟೇ. ಸ್ವಲ್ಪ ಹೊತ್ತು ಇಬ್ಬರೂ ಸುಲಿದರು. ಆಮೇಲೆ ಗೆಸಿನಾ ಚೀಲದಿಂದ ಮಸೂದೆಯ ಪ್ರತಿ ತೆಗೆದು ಓದಿ ಹೇಳಿದಳು. ಅತ್ತೆ ನಡುವೆ ಬಾಯಿ ಹಾಕದೆ ಕೇಳಿದಳು.

"ಪರೀಕ್ಷೆ ಬರೆಯೋದಕ್ಕೆ ನಂಗೆ ಕನ್ನಡಕ ಬೇಕು ಕಣವ್ವ," ಎಂದಳು ಕೊನೆಗೆ. "ಅದಿರ್ಲಿ. ಯೋಸ್ಟ್ ಡೀರ್ಕ್ಸ್ ನಿನ್ ಪರೀಕ್ಷೆ ಬರೆದಿದ್ರೆ ಮೊದಲನೆಯವನಾಗಿ ಪಾಸಾಗ್ತಿದ್ದ. ಆ ನದೀಲಿ ಅವನಷ್ಟು ಬಲ್ಲವನು ಇನ್ನೊಬ್ಬ ಇರಲಿಲ್ಲ. ಅವನಿಗೆ ಎಂಜಿನ್ನೂ ಇತ್ತು."

"ಮತ್ತೆ ಯಾಕೆ ಹಾಗಾಯ್ತು ಅತ್ತೆ?"

"ಮಂಜಿತ್ತು. ಬೇಡ ಅಂದ. ಆ ಮೂವರು ಪಾಳಿಗೆ ತಡವಾದ್ರೆ ಕೆಲಸ ಹೋಗುತ್ತೆ ಅಂದ್ರು. ಕಡವಿನ ಗುತ್ತಿಗೆ ಪತ್ರದಲ್ಲಿ ಬರ್ದಿದೆ, ಬೆಳಿಗ್ಗೆ ಆರರಿಂದ ದಿನಾ ದೋಣಿ ಬಿಡಲೇಬೇಕು ಅಂತ. ಬಿಡದಿದ್ರೆ ಗುತ್ತಿಗೆ ಇನ್ನೊಬ್ಬರಿಗೆ. ಹಿಂದಿನ ಚಳಿಗಾಲದಲ್ಲಿ ಎರಡು ಸಲ ಬಿಡದೆ ಇದ್ದಿದ್ದಕ್ಕೆ ಅವನಿಗೆ ನೋಟಿಸು ಬಂದಿತ್ತು. ಮೂರನೇ ಸಲ ಬಿಟ್ಟ." ಅತ್ತೆ ಒಂದು ಸಿಪ್ಪೆಯನ್ನು ನೀರಿಗೆ ಎಸೆದಳು. "ದೋಣಿ ಹೇಗೆ ಬಿಡಬೇಕು ಅಂತ ನಮಗೆ ನೀವು ಹೇಳ್ಕೊಡೋದು ಬೇಡ. ಯಾವತ್ತು ಬಿಡಬಾರ್ದೋ ಅವತ್ತು ಬಿಡದಂಗೆ ಇರೋಕೆ ಒಂದು ಕಾಗದ ಕೊಡಿ, ಸಾಕು."

ಗೆಸಿನಾಳ ಕೈ ಬುಟ್ಟಿಯಲ್ಲೇ ನಿಂತಿತು. ಎರಡು ವರ್ಷದಲ್ಲಿ ಅವಳು ಎಂಜಿನಿಯರುಗಳನ್ನು ಕೇಳಿದ್ದಳು, ಜಲಮಾರ್ಗದ ಅಧಿಕಾರಿಗಳನ್ನು ಕೇಳಿದ್ದಳು, ವಿಮೆಯವರನ್ನೂ ಕೇಳಿದ್ದಳು. ಅವರ ಮಾತೆಲ್ಲ ಅಂಬಿಗ ತಪ್ಪು ಮಾಡಿದ ಎಂಬಲ್ಲಿಂದಲೇ ಶುರುವಾಗುತ್ತಿತ್ತು. ಅವಳ ನಲವತ್ತು ಕಲಮುಗಳೂ ಅಲ್ಲಿಂದಲೇ ಶುರುವಾಗಿದ್ದವು. ತಾನು ಸತ್ತವನ ಮೇಲೆ ಇನ್ನೊಂದು ಕಲ್ಲು ಹೇರಿದೆನಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ಯಾಕೆ ಇದನ್ನು ಮೊದಲೇ ಹೇಳಲಿಲ್ಲ ಎಂದು ಕೇಳಿದಳು. ನೀನು ಮೊದಲು ಕೇಳಲಿಲ್ಲವಲ್ಲ ಎಂದಳು ಅತ್ತೆ. ಆಮೇಲೆ ಏಳುತ್ತಾ ಸೊಂಟಕ್ಕೆ ಕಟ್ಟಿಕೊಂಡಿದ್ದ ಬಟ್ಟೆ ಕೊಡವಿಕೊಂಡು, ಹೋದ ಭಾನುವಾರ ಹಿನ್ರಿಕ್ ಬಂದಿದ್ದಾಗಲೂ ಇದನ್ನೇ ಹೇಳಿದೆ, ಒಂದೇ ಸಲ ಒಟ್ಟಿಗೆ ಬಂದಿದ್ದರೆ ನನಗೆ ಎರಡು ಸಲ ಬಾಯಿ ನೋಯುತ್ತಿರಲಿಲ್ಲ ಎಂದಳು.

"ಹಿನ್ರಿಕ್ ಬಂದಿದ್ನಾ?"

"ಬಂದಿದ್ದ. ಬಟಾಣಿ ನಿನಗಿಂತ ಚೆನ್ನಾಗಿ ಸುಲೀತಾನೆ."

ಬಾನ್‌ಗೆ ಹಿಂತಿರುಗುವಾಗ ಗೆಸಿನಾ ರೈಲಿನಲ್ಲೇ ಪೆನ್ಸಿಲ್ ಹಿಡಿದು ಹೊಸ ಕಲಮೊಂದನ್ನು ಬರೆದಳು. ಬಾನ್ ತಲುಪಿದ ಮೇಲೆ ಅಣ್ಣನಿಗೆ ಫೋನು ಮಾಡಬೇಕೆಂದು ಎರಡು ಸಲ ರಿಸೀವರು ಎತ್ತಿ ಇಟ್ಟಳು. ಮಾಡಿ ಏನು ಹೇಳುವುದು? ಅವನ ಮೇಜಿನ ಮೇಲೆ ಮಂತ್ರಿಮಂಡಲದ ತೀರ್ಮಾನ ಇದ್ದೇ ಇರುತ್ತದೆ, ಅವನಿಗೆ ಸುಮ್ಮನೆ ಸಂಕಟ. ಅದೂ ಅಲ್ಲದೆ, ಮೊದಲು ಫೋನು ಮಾಡಬೇಕಾದವನು ಅವನೇ ಎಂಬ ಹಟವೂ ಇತ್ತು.

ಸಮಿತಿ ಸೇರಿದ್ದು ಬುಧವಾರ ಬೆಳಿಗ್ಗೆ. ಉದ್ದನೆಯ ಕೋಣೆ, ಹೊರಗಿನವರು ಯಾರೂ ಇಲ್ಲ, ಪತ್ರಿಕೆಯವರಂತೂ ಇಲ್ಲವೇ ಇಲ್ಲ. ಅಲ್ಲಿ ಆಡಿದ ಮಾತು ಹೊರಗೆ ಹೋಗುವುದಿಲ್ಲ ಎಂಬ ಧೈರ್ಯಕ್ಕೆ ಜನ ಅಲ್ಲಿ ಸ್ವಲ್ಪ ನಿಜವಾಗಿ ಮಾತಾಡುತ್ತಾರೆ. ಅಂದು ಮಾತ್ರ ಮಧ್ಯಾಹ್ನದವರೆಗೂ ಯಾರೂ ನಿಜ ಮಾತಾಡಲಿಲ್ಲ. ಸಂಸತ್ತಿನ ಕಡೆಯವರು ಸುರಕ್ಷತೆ ಎಂದರು, ರಾಜ್ಯಗಳ ಕಡೆಯವರು ಅಧಿಕಾರ ಎಂದರು. ದಕ್ಷಿಣದ ಒಂದು ರಾಜ್ಯದ ವಯಸ್ಸಾದ ಸಚಿವರಂತೂ ಇಂದು ನಮ್ಮ ದೋಣಿಗೆ ಕೈ ಹಾಕಿದವರು ನಾಳೆ ನಮ್ಮ ಶಾಲೆಗಳಿಗೂ ಕೈ ಹಾಕುತ್ತಾರೆ ಎಂದು ಮೂರು ಸಲ ಹೇಳಿದರು. ಬೇಳೆ ಸೂಪು ಬಂತು, ಆರಿತು. ಗೆಸಿನಾ ತನ್ನ ಪೆನ್ಸಿಲ್ ಬರಹದ ಹಾಳೆಯನ್ನು ಮಸೂದೆಯ ಕೆಳಗೆ ಇಟ್ಟುಕೊಂಡು ಕಾಯುತ್ತಿದ್ದಳು. ಅವಳು ಮೊದಲು ತೆಗೆದರೆ ಸೋತಂತೆ ಕಾಣುತ್ತದೆ, ಅವಳ ಪಕ್ಷದವರೇ ಕೈ ಬಿಡುತ್ತಾರೆ.

ಎದುರಿಗೆ ಹಿನ್ರಿಕ್ ಕೂತಿದ್ದ. ಅವನ ಮುಂದೆ ರಾಜ್ಯದ ಮೊಹರಿದ್ದ ಎರಡು ಹಾಳೆ. ಅದರಲ್ಲಿ ಏನಿದೆ ಎಂದು ಓದದೆಯೇ ಎಲ್ಲರಿಗೂ ಗೊತ್ತಿತ್ತು: ಯಾವುದಕ್ಕೂ ಒಪ್ಪಬೇಡ. ಆದರೆ ಆ ಕೋಣೆಗೆ ಒಂದು ವಿಶೇಷವಿತ್ತು. ಹೊರಗೆ, ದೊಡ್ಡ ಸಭೆಯಲ್ಲಿ, ರಾಜ್ಯದ ಪ್ರತಿನಿಧಿ ಮಂತ್ರಿಮಂಡಲ ಹೇಳಿದ ಹಾಗೆಯೇ ಮತ ಹಾಕಬೇಕು. ಸಂಧಾನ ಸಮಿತಿಯೊಳಗೆ ಮಾತ್ರ ಅವನಿಗೆ ಯಾರ ಅಪ್ಪಣೆಯೂ ಇಲ್ಲ, ತನ್ನ ಬುದ್ಧಿಯೇ ತನಗೆ ದಿಕ್ಕು. ಸಂವಿಧಾನದಲ್ಲೇ ಹಾಗೆ ಬರೆದಿದೆ. ಬರೆದಿದ್ದನ್ನು ಬಳಸುವವರು ಕಡಿಮೆ, ಯಾಕೆಂದರೆ ಸಂಜೆ ಎಲ್ಲರೂ ತಮ್ಮ ತಮ್ಮ ರಾಜ್ಯದ ರಾಜಧಾನಿಗೆ ಹಿಂತಿರುಗಬೇಕಲ್ಲ.

ಹಿನ್ರಿಕ್ ಆ ಎರಡು ಹಾಳೆಗಳನ್ನು ನಿಧಾನವಾಗಿ ಮಡಚಿ ಚೀಲಕ್ಕೆ ಹಾಕಿದ. ಅರವತ್ತರ ಹತ್ತಿರ ಬಂದ ಮನುಷ್ಯ, ಹುಟ್ಟಿದಾಗಿನಿಂದ ಹೇಳಿದ ಮಾತು ಮೀರಿದವನಲ್ಲ. ಅವನು ಮಾತಿಗೆ ಅವಕಾಶ ಕೇಳಿದ.

"ನಾನು ಹದಿನಾಲ್ಕನೇ ವಯಸ್ಸಿಂದ ಆರು ವರ್ಷ ದೋಣಿ ನಡೆಸಿದೀನಿ," ಎಂದ. "ಆ ಆರು ವರ್ಷದಲ್ಲಿ ನಾನು ಮಾಡಿದ ಒಳ್ಳೇ ಕೆಲಸ ಅಂದ್ರೆ, ಕೆಲವು ದಿನ ದೋಣಿ ಬಿಡದೆ ಇದ್ದಿದ್ದು. ನಮ್ಮಪ್ಪ ಹಿಂದೆ ನಿಂತಿದ್ದರು, ಅದಕ್ಕೇ ಆಗಲ್ಲ ಅನ್ನೋ ಧೈರ್ಯ ಬರ್ತಿತ್ತು. ಯೋಸ್ಟ್ ಡೀರ್ಕ್ಸ್ ಹಿಂದೆ ಯಾರೂ ನಿಂತಿರಲಿಲ್ಲ. ಅವನಿಗೆ ನೋಟಿಸು ಕಳಿಸಿದ್ದು ನಮ್ಮ ರಾಜ್ಯದ ನಿಯಮದ ಪ್ರಕಾರವೇ. ಅದು ಬದಲಾಗಬೇಕಾದ್ರೆ ಒಕ್ಕೂಟದ ಕಾಯ್ದೆ ಬೇಕು ಅಂತ ನನಗೆ ಅನ್ನಿಸ್ತಿದೆ. ಇದನ್ನ ಹೇಳೋಕೆ ನನಗೆ ಯಾರೂ ಹೇಳಿ ಕಳಿಸಿಲ್ಲ."

ನೀರು, ಗಾಳಿ, ಮಂಜು ನೋಡಿ ದೋಣಿ ಬಿಡುವುದಿಲ್ಲ ಎನ್ನುವ ಹಕ್ಕನ್ನು ಅಂಬಿಗನಿಗೆ ಕಾಯ್ದೆಯಲ್ಲೇ ಕೊಡಬೇಕು, ಅದಕ್ಕಾಗಿ ಯಾರೂ ಗುತ್ತಿಗೆ ಕಿತ್ತುಕೊಳ್ಳುವಂತಿಲ್ಲ ಎಂದು ಬರೆದರೆ ತಾನು ಒಪ್ಪುತ್ತೇನೆ ಎಂದ ಅವನು. ಅದರ ಬದಲಿಗೆ ಪುಟ್ಟ ದೋಣಿಗಳ ಪರೀಕ್ಷೆ ಹೇಗಿರಬೇಕು, ಯಾರಿಗೆ ಎಂಜಿನ್ ಬೇಕು ಯಾರಿಗೆ ಬೇಡ ಎಂಬುದನ್ನು ಆಯಾ ರಾಜ್ಯಕ್ಕೆ ಬಿಡಬೇಕು, ಒಂದೊಂದು ನದಿಯ ಗುಣ ಒಂದೊಂದು ಎಂದ.

ಗೆಸಿನಾ ಕೆಳಗಿನ ಹಾಳೆಯನ್ನು ಮೇಲಕ್ಕೆ ತೆಗೆದು ಮೇಜಿನ ಮೇಲೆ ಅವನ ಕಡೆ ತಳ್ಳಿದಳು. ಸಚಿವರು ಹೇಳಿದ್ದನ್ನು ನಾನು ಆಗಲೇ ಬರೆದು ತಂದಿದ್ದೇನೆ, ಪರೀಕ್ಷೆಯ ಕಲಮನ್ನು ಬಿಟ್ಟುಕೊಡುತ್ತೇನೆ ಎಂದಳು. ಹಿನ್ರಿಕ್ ಹಾಳೆ ಓದಿ, ಕನ್ನಡಕ ತೆಗೆದು ಒರೆಸಿ, ಇನ್ನೊಮ್ಮೆ ಓದಿದ. ಇಲ್ಲಿ ಒಂದು ಪ್ರಶ್ನೆಯಿದೆ, ಎಂದ. ಅತ್ತೆಯ ಮನೆಗೆ ಹೋಗಿದ್ದೆಯಾ ಎಂದು ಎಲ್ಲರೆದುರು ಕೇಳಲಾಗದೆ, ಈ ವಾಕ್ಯದಲ್ಲಿ ಗಾಳಿ ಎಂಬ ಪದ ಎರಡು ಸಲ ಬಂದಿದೆ ಎಂದಷ್ಟೇ ಹೇಳಿದ.

ನಾಲ್ಕು ಗಂಟೆಗೆ ಮತಕ್ಕೆ ಹಾಕಿದರು. ಹದಿಮೂರು ಪರ, ಒಂಬತ್ತು ವಿರೋಧ.

ಸಂಸತ್ತು ಬದಲಾದ ಮಸೂದೆಯನ್ನು ಒಪ್ಪಿತು. ರಾಜ್ಯಗಳ ಸಭೆ ಬಾಕಿ. ಮಂಗಳವಾರ ಸಂಜೆ ಹಿನ್ರಿಕ್ ತಾನಾಗಿಯೇ ಫೋನು ಮಾಡಿದ. ಮುಖ್ಯಮಂತ್ರಿ ಅವನನ್ನು ಒಂದು ಗಂಟೆ ನಿಲ್ಲಿಸಿಕೊಂಡು ಮಾತಾಡಿದ್ದರಂತೆ. ಸಮಿತಿಯಲ್ಲಿ ನಿನಗೆ ಸ್ವಾತಂತ್ರ್ಯವಿತ್ತು, ಅದಕ್ಕೆ ನಾನೇನೂ ಅನ್ನುವಂತಿಲ್ಲ, ಆದರೆ ಶುಕ್ರವಾರ ಕೈ ಕೆಳಗಿರಲಿ ಎಂದರಂತೆ. ತಟಸ್ಥರಾಗಿರುವುದು ಎಂದು ಅದಕ್ಕೆ ಹೆಸರು. ಆದರೆ ಒಪ್ಪಿಗೆಗೆ ನಲವತ್ತೊಂದು ಮತಗಳಲ್ಲಿ ಇಪ್ಪತ್ತೊಂದು ಬೇಕೇ ಬೇಕು. ಕೆಳಗಿದ್ದ ಕೈ ಲೆಕ್ಕದಲ್ಲಿ ವಿರೋಧದ ಕೈಯೇ.

"ನಿನ್ನ ಐದು ಹೋದ್ರೆ ನಾನು ಎಲ್ಲಿಂದ ತರಲಿ?" ಎಂದಳು ಗೆಸಿನಾ. ಕೋಪ ಬಂದಿರಲಿಲ್ಲ, ಸುಸ್ತಾಗಿತ್ತು.

"ಕೈ ಕಟ್ಟಿದಾರೆ. ಬಾಯಿ ಕಟ್ಟಿಲ್ಲ," ಎಂದ ಹಿನ್ರಿಕ್. "ನಾಳೆ ನಾಡಿದ್ದು ರಜ ಹಾಕಿದೀನಿ."

ಆ ಎರಡು ದಿನ ಅವನು ಸರ್ಕಾರದ ಕಾರು ಬಿಟ್ಟು ರೈಲಿನಲ್ಲಿ ತಿರುಗಿದ. ಬ್ರೆಮೆನ್, ಹ್ಯಾಂಬರ್ಗ್, ಕೀಲ್. ಸಹೋದ್ಯೋಗಿಗಳ ಕಚೇರಿಗಳಲ್ಲಿ ಟೋಪಿ ತೊಡೆಯ ಮೇಲಿಟ್ಟುಕೊಂಡು ಕೂತು, ತನ್ನ ರಾಜ್ಯವೇ ಹಾಕದ ಮತವನ್ನು ಅವರ ಹತ್ತಿರ ಕೇಳಿದ. ಒಬ್ಬರು ನಕ್ಕರು. ಇನ್ನೊಬ್ಬರು ನಿಮ್ಮ ಮನೆಯ ದೇವರಿಗೆ ನೀವೇ ಕೈ ಮುಗಿಯದೆ ನಮ್ಮನ್ನು ಕರೆಯುತ್ತೀರಲ್ಲ ಎಂದರು. ಎಲ್ಲರಿಗೂ ಅವನು ಯೋಸ್ಟ್ ಡೀರ್ಕ್ಸನ ಎರಡು ನೋಟಿಸುಗಳ ಕತೆಯನ್ನೇ ಹೇಳಿದ, ಬೇರೆ ವಾದ ಮಾಡಲಿಲ್ಲ. ಇದೆಲ್ಲ ಗೆಸಿನಾಳಿಗೆ ಗೊತ್ತಾಗಿದ್ದು ಅವನಿಂದಲ್ಲ, ಹ್ಯಾಂಬರ್ಗಿನ ಸಚಿವರಿಂದ.

ಶುಕ್ರವಾರ ಅವಳು ಮತ್ತೆ ಪ್ರೇಕ್ಷಕರ ಸಾಲಿನಲ್ಲಿ ಕೂತಳು. ಒಪ್ಪಿಗೆ ಕೊಡುವವರು ಎಂದು ಅಧ್ಯಕ್ಷರು ಕೇಳಿದರು. ಕೈಗಳು ಎದ್ದವು. ಅವಳು ತುಟಿಯೊಳಗೇ ಕೂಡಿಸುತ್ತಾ ಹೋದಳು. ಹದಿನೈದು. ಹತ್ತೊಂಬತ್ತು. ಅಲ್ಲಿ ಒಂದು ಕ್ಷಣ ನಿಂತಿತು. ಆಮೇಲೆ ಮೂರು ಮತಗಳ ಹ್ಯಾಂಬರ್ಗಿನ ಕೈ, ಆಲಸ್ಯದಿಂದ ಎಂಬಂತೆ, ಮೇಲೆ ಬಂತು. ಇಪ್ಪತ್ತೆರಡು. ಹಿನ್ರಿಕ್ ತಾನೇ ಕಟ್ಟಿದ ಕಾಯ್ದೆ ಪಾಸಾಗುವಾಗ ಎರಡೂ ಅಂಗೈಗಳನ್ನು ಮೇಜಿನ ಮೇಲೆ ಮಟ್ಟಸವಾಗಿ ಊರಿಕೊಂಡು ಕೂತಿದ್ದ. ಈ ಸಲ ಅವನು ತಲೆಯೆತ್ತಿ ತಂಗಿಯನ್ನು ನೋಡಿದ. ಗೆಸಿನಾಳಿಗೆ ಕೆಳಗಿಳಿದು ಹೋಗಿ ಆ ಎರಡು ಕೈಗಳನ್ನು ಹಿಡಿದುಕೊಳ್ಳಬೇಕೆನ್ನಿಸಿತು. ಪ್ರೇಕ್ಷಕರು ಎದ್ದು ನಿಲ್ಲುವಂತಿರಲಿಲ್ಲ, ಕೂತೇ ಇದ್ದಳು. ಕಣ್ಣು ಮಾತ್ರ ತುಂಬಿ ಬಂತು.

ಕಾಯ್ದೆ ಅಚ್ಚಾಗಿ ಬಂದ ಮೇಲೆ ಇಬ್ಬರೂ ಅವನ ಹಳೇ ಕಾರಿನಲ್ಲಿ ಯೋಸ್ಟ್‌ನ ಹೆಂಡತಿ ಇಮ್ಕೆ ಡೀರ್ಕ್ಸಳ ಮನೆಗೆ ಹೋದರು. ದಾರಿಯುದ್ದಕ್ಕೂ ಅವನು ನಿಧಾನವಾಗಿ ಓಡಿಸುತ್ತಾನೆ ಎಂದು ಅವಳು, ಅವಳಿಗೆ ನಕ್ಷೆ ಓದಲು ಬರುವುದಿಲ್ಲ ಎಂದು ಅವನು ಜಗಳವಾಡಿದರು. ಮನೆಯ ಬಾಗಿಲಲ್ಲಿ ಹಿನ್ರಿಕ್ ಟೋಪಿ ತೆಗೆದ. ತನಿಖೆಯ ವರದಿಯಲ್ಲಿ ಅಂಬಿಗನ ತಪ್ಪು ಎಂದು ಬರೆದ ಮೇಲೆ ಆ ಹೆಂಗಸು ಚರ್ಚಿನಲ್ಲಿ ಹಿಂದಿನ ಬೆಂಚಿಗೆ ಹೋಗಿ ಕೂರಲು ಶುರು ಮಾಡಿದ್ದಳೆಂದು ಊರಿನವರು ಹೇಳಿದ್ದರು.

ಇಮ್ಕೆ ಎತ್ತರದ, ಮಿತಮಾತಿನ ಹೆಂಗಸು. ಕಾಫಿ ಮಾಡಿ, ಬೆಣ್ಣೆ ಸಕ್ಕರೆ ಹಾಕಿದ ತಟ್ಟೆ ಕೇಕು ಕೊಯ್ದು ಇಟ್ಟಳು. ಗೆಸಿನಾ ತಾನು ತಪ್ಪು ಕಡೆಯಿಂದ ಶುರು ಮಾಡಿದ್ದನ್ನು ಮುಚ್ಚಿಡದೆ ಹೇಳಿ, ಅಂಬಿಗನ ಹಕ್ಕಿನ ಆರನೇ ಕಲಮನ್ನು ತೋರಿಸಿದಳು. ಇಮ್ಕೆ ಕಿಟಕಿಯ ಬೆಳಕಿಗೆ ಹಿಡಿದು ಓದಿದಳು. ತುಂಬ ಹೊತ್ತು ಓದಿದಳು.

"ಅವರು ಅವತ್ತು ಆಗಲ್ಲ ಅಂದಿದ್ರು," ಎಂದಳು. "ನಾನು ಅಡುಗೆಮನೇಲಿ ನಿಂತು ಕೇಳಿಸ್ಕೊಂಡಿದ್ದೆ. ಯಾರೂ ನನ್ನ ಕೇಳಲಿಲ್ಲ."

"ಈಗ ಕೇಳ್ತಿದೀವಿ," ಎಂದ ಹಿನ್ರಿಕ್. "ವರದಿಯನ್ನ ಮತ್ತೆ ತೆರೆಸೋದಕ್ಕೆ ಅರ್ಜಿ ಕೊಡಬಹುದು. ಅದು ರಾಜ್ಯದ ಕೆಲಸ. ನಾನಿರೋವರೆಗೆ ನಾನು ನೋಡ್ಕೋತೀನಿ."

ಅದನ್ನು ಅವನು ನೋಡಿಕೊಂಡ. ಹೊಸ ವರದಿಯಲ್ಲಿ ಯೋಸ್ಟ್ ಡೀರ್ಕ್ಸ್ ಎಚ್ಚರಿಕೆ ಕೊಟ್ಟಿದ್ದನೆಂದು ಬರೆಯಲಾಯಿತು. ಮುಂದಿನ ಚುನಾವಣೆಯ ನಂತರ ಹಿನ್ರಿಕ್‌ಗೆ ಸಚಿವ ಸ್ಥಾನ ಸಿಗಲಿಲ್ಲ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಅವನು ಹೇಳುತ್ತಿದ್ದ, ಗೆಸಿನಾ ನಂಬುತ್ತಿರಲಿಲ್ಲ. ಆದರೆ ಅದು ಆಮೇಲಿನ ಮಾತು.

ಅಂದು ಇಮ್ಕೆ ಕಾಗದವನ್ನು ಮಡಚದೆ ಮೇಜಿನ ಮೇಲೆ ಇಟ್ಟು, ಒಂದು ಬೆರಳಿನಿಂದ ಸಾಲುಗಳನ್ನು ಎಣಿಸಿದಳು.

"ಹನ್ನೊಂದು ಸಾಲು," ಎಂದಳು. "ಬೇಡ ಅನ್ನಿಸಿದ ದಿನ ದೋಣಿ ಬಿಡಬೇಡ, ಅಂದಿದ್ರೆ ಸಾಕಿತ್ತಲ್ಲ?"

"ಮೂರೇ ಸಾಲಿತ್ತು," ಎಂದಳು ಗೆಸಿನಾ. "ರಾಜ್ಯದವರು ಎಳೆದ್ರು."

"ಸುಳ್ಳು," ಎಂದ ಹಿನ್ರಿಕ್, ಕೇಕಿನ ಎರಡನೇ ತುಂಡಿಗೆ ಕೈ ಚಾಚುತ್ತಾ. "ನೀನು ಮೇಜಿನ ಮೇಲೆ ನನ್ನ ಕಡೆ ತಳ್ಳಿದಾಗಲೇ ಒಂಬತ್ತಿತ್ತು."

ಇಮ್ಕೆ ಡೀರ್ಕ್ಸ್ ಇಬ್ಬರನ್ನೂ ನೋಡಿದಳು. ಆಮೇಲೆ, ಎರಡು ವರ್ಷದಲ್ಲಿ ಆ ಮನೆಯಲ್ಲಿ ಮೊದಲ ಸಲ, ಸಣ್ಣಗೆ ನಕ್ಕು, ಕಾಫಿಯ ಪಾತ್ರೆ ಎತ್ತಿಕೊಂಡಳು.